ಕಾದಂಬರಿ ಓದಿದವರಿಗೆ ‘ದಿ ಶೈನಿಂಗ್’ ಸಿನಿಮಾ ಯಾಕೆ ಹಿಡಿಸುವುದಿಲ್ಲ?

ಪ್ರಶ್ನೆ: ಮೇಡಂ, ನಮಸ್ಕಾರ. ಕಳೆದ ತಿಂಗಳು ಸ್ಟೀಫನ್ ಕಿಂಗ್ ಅವರ ‘ದಿ ಶೈನಿಂಗ್’ ಕಾದಂಬರಿ ಓದಿದೆ. ಮೂರು ರಾತ್ರಿ ಲೈಟ್ ಆರಿಸದೆ ಮಲಗಿದೆ. ಅದೇ ಹುಮ್ಮಸ್ಸಿನಲ್ಲಿ ಸ್ಟಾನ್ಲಿ ಕುಬ್ರಿಕ್ ಅವರ ಸಿನಿಮಾ ನೋಡಿದೆ. ತುಂಬ ನಿರಾಸೆ ಆಯಿತು. ನನ್ನ ತಮ್ಮ ಕಾದಂಬರಿ ಓದಿಲ್ಲ. ಅವನು ಸಿನಿಮಾ ನೋಡಿ ಹುಚ್ಚಾಗಿದ್ದಾನೆ, ಎರಡೇ ವಾರದಲ್ಲಿ ಮೂರು ಸಲ ನೋಡಿದ. ನೋಡಿದವರ ಮಾತು ಕೇಳಿದರೆ ಕೆಲವರು ಇದಕ್ಕಿಂತ ದೊಡ್ಡ ಭಯದ ಸಿನಿಮಾ ಇಲ್ಲ ಅನ್ನುತ್ತಾರೆ. ಇನ್ನು ಕೆಲವರು ಬರೀ ಬೋರು, ಕಥೆಯೇ ಇಲ್ಲ ಅನ್ನುತ್ತಾರೆ. ಬರೆದ ಲೇಖಕರಿಗೇ ಇಷ್ಟವಾಗಲಿಲ್ಲವಂತೆ. ಯಾರು ಸರಿ? ನಾನು ಏನಾದರೂ ಮಿಸ್ ಮಾಡಿಕೊಂಡೆನಾ?

ಉತ್ತರ: ಇಲ್ಲ, ನೀವು ಏನನ್ನೂ ಮಿಸ್ ಮಾಡಿಕೊಂಡಿಲ್ಲ. ನಿಮಗೆ ಒಬ್ಬ ಮನುಷ್ಯ ಸಿಗಲಿಲ್ಲ, ಅಷ್ಟೇ. ಅವನನ್ನೇ ಹುಡುಕಿಕೊಂಡು ಸಿನಿಮಾಕ್ಕೆ ಹೋದಿರಿ. ಅಲ್ಲಿ ಅದೇ ಹೆಸರು ಇಟ್ಟುಕೊಂಡು ಬೇರೆ ಯಾರೋ ಕೂತಿದ್ದರು.

ಆ ಮನುಷ್ಯ ಜ್ಯಾಕ್ ಟಾರೆನ್ಸ್. 1977ರಲ್ಲಿ ಬಂದ ಕಾದಂಬರಿಯ ಜ್ಯಾಕ್ ಕುಡಿತ ಬಿಟ್ಟವನು. ಕುಡಿದ ಮತ್ತಿನಲ್ಲಿ ತನ್ನ ಪುಟ್ಟ ಮಗ ಡ್ಯಾನಿಯ ಕೈ ಮುರಿದಿದ್ದಾನೆ. ಆಮೇಲೆ, ಕುಡಿತ ಬಿಟ್ಟ ಮೇಲೂ, ಒಬ್ಬ ವಿದ್ಯಾರ್ಥಿಯ ಮೇಲೆ ಕೈ ಮಾಡಿ ಮೇಷ್ಟ್ರ ಕೆಲಸ ಕಳೆದುಕೊಂಡಿದ್ದಾನೆ. ಇನ್ನೊಂದು ಅವಕಾಶ ಸಿಕ್ಕರೆ ಸಾಕು ಅಂತ ಕೊಲರಾಡೋ ಬೆಟ್ಟದ ಮೇಲಿನ ಓವರ್‌ಲುಕ್ ಹೋಟೆಲಿಗೆ ಚಳಿಗಾಲದ ಕಾವಲಿಗೆ ಬರುತ್ತಾನೆ. ಹಿಮ ಬಿದ್ದು ದಾರಿ ಮುಚ್ಚಿದರೆ ತಿಂಗಳುಗಟ್ಟಲೆ ಅವನು, ಹೆಂಡತಿ ವೆಂಡಿ, ಮಗ, ಮೂವರೇ. ಮಗುವಿಗೆ ಬೇರೆಯವರ ಮನಸ್ಸು ಕೇಳಿಸುತ್ತದೆ, ನಡೆದದ್ದು ನಡೆಯಲಿರುವುದು ಕಾಣಿಸುತ್ತದೆ. ಹೋಟೆಲಿಗೆ ಬೇಕಾದದ್ದು ಆ ಮಗು. ಅದಕ್ಕೆ ಅಪ್ಪನನ್ನು ಹಿಡಿಯುತ್ತದೆ. ನಮ್ಮ ಕಡೆ ಮೆಟ್ಟಿಕೊಂಡಿತು ಅನ್ನುತ್ತಾರಲ್ಲ, ಹಾಗೆ.

ಕಾದಂಬರಿಯ ಶಕ್ತಿ ಇರುವುದು ಹೋಟೆಲಿನ ದೆವ್ವಗಳಲ್ಲಿ ಅಲ್ಲ. ನಾವು ನೂರಾರು ಪುಟ ಜ್ಯಾಕ್‌ನ ತಲೆಯೊಳಗೇ ಕೂತಿರುತ್ತೇವಲ್ಲ, ಅದರಲ್ಲಿ. ಕಣಜದ ಗೂಡಿನ ಭಾಗ ನೆನಪಿದೆಯಾ? ಚಾವಣಿ ರಿಪೇರಿ ಮಾಡುವಾಗ ಗೂಡು ಸಿಗುತ್ತದೆ. ಔಷಧಿ ಹಾಕಿ ಹುಳ ಸಾಯಿಸುತ್ತಾನೆ. ಚಿಕ್ಕಂದಿನಲ್ಲಿ ಅವನ ಅಪ್ಪನೂ ಅವನಿಗೆ ಇಂಥದ್ದೊಂದು ಗೂಡು ಕೊಟ್ಟಿದ್ದ. ಈಗ ಇವನು ಪ್ರೀತಿಯಿಂದ ಮಗನಿಗೆ ಕೊಡುತ್ತಾನೆ. ರಾತ್ರಿ ಸತ್ತ ಗೂಡಿನಿಂದ ಕಣಜ ಎದ್ದು ಬಂದು ಮಗುವನ್ನು ಕಚ್ಚುತ್ತವೆ. ಇಡೀ ಕಾದಂಬರಿ ಆ ಒಂದು ಗೂಡಿನಲ್ಲಿದೆ. ಹೊಡೆಯುವ ಅಪ್ಪನಿಂದ ಬಂದದ್ದನ್ನು ಮಗನಿಗೆ ದಾಟಿಸಬಾರದು ಅಂತ ಒದ್ದಾಡುವವನ ಕೈಯಿಂದಲೇ ಅದು ದಾಟಿಬಿಡುತ್ತದೆ. ಅವನ ಮೇಲೆ ಸಿಟ್ಟು ಬರುತ್ತದೆ, ಅಯ್ಯೋ ಅಂತಲೂ ಅನ್ನಿಸುತ್ತದೆ.

ಸಿನಿಮಾದಲ್ಲಿ ಆ ಗೂಡು ಇಲ್ಲ. ಒದ್ದಾಟವೂ ಇಲ್ಲ. ಮೊದಲ ದೃಶ್ಯಗಳಲ್ಲೇ ಮ್ಯಾನೇಜರ್ ಹಿಂದಿನ ಕಾವಲುಗಾರ ಹೆಂಡತಿ ಮಕ್ಕಳನ್ನು ಕೊಡಲಿಯಿಂದ ಕೊಂದ ಕಥೆ ಹೇಳುತ್ತಾನೆ. ಜ್ಯಾಕ್ ಪಾತ್ರದ ಜ್ಯಾಕ್ ನಿಕಲ್ಸನ್ ಹಲ್ಲು ಬಿಟ್ಟು ನಗುತ್ತಾರೆ. ಹೋಟೆಲಿಗೆ ಹೋಗುವ ಕಾರಿನಲ್ಲೇ ಅವರಿಗೆ ಹೆಂಡತಿ, ಮಗು ಎರಡೂ ಬೇಸರ. ದೆವ್ವ ಹಿಡಿಯುವ ಮೊದಲೇ ಈತ ಅರ್ಧ ಹಾಳಾಗಿದ್ದಾನೆ. ಕಿಂಗ್ ಅವರ ದೊಡ್ಡ ತಕರಾರು ಇದೇ. ಒಳ್ಳೆಯವನು ನಿಧಾನವಾಗಿ ಕೆಡುವ ಕಥೆ ನಾನು ಬರೆದೆ, ಇವನು ಮೊದಲಿಂದಲೂ ಹುಚ್ಚನ ಹಾಗೆ ಕಾಣುತ್ತಾನೆ, ಇನ್ನು ದುರಂತ ಎಲ್ಲಿಂದ ಬರಬೇಕು ಅಂತ. ನಿಮ್ಮ ನಿರಾಸೆಯೂ ಇದೇ ಅಲ್ವಾ? ಹಾಗಾಗಿ ನೀವು ಲೇಖಕರ ಜೊತೆಗೇ ಇದ್ದೀರಿ.

ಕಿಂಗ್ ಅವರ ನೋವಿಗೆ ಇನ್ನೊಂದು ಕಾರಣ ಇದೆ. 1974ರಲ್ಲಿ ಅವರು ಹೆಂಡತಿಯ ಜೊತೆ ಕೊಲರಾಡೋದ ಎಸ್ಟೆಸ್ ಪಾರ್ಕ್ ಊರಿನ ಸ್ಟ್ಯಾನ್ಲಿ ಹೋಟೆಲಿನಲ್ಲಿ ಉಳಿದಿದ್ದರು. ಚಳಿಗಾಲಕ್ಕೆ ಹೋಟೆಲು ಮುಚ್ಚುವ ಹೊತ್ತು. ಖಾಲಿ ಕಾರಿಡಾರು, ಖಾಲಿ ಊಟದ ಹಾಲು. ಕಥೆ ಹುಟ್ಟಿದ್ದು ಅಲ್ಲಿ, 217ನೇ ಕೋಣೆಯಲ್ಲಿ. ಆ ದಿನಗಳಲ್ಲಿ ಅವರೂ ವಿಪರೀತ ಕುಡಿಯುತ್ತಿದ್ದರು. ಬರೆಯುವಾಗ ತನ್ನ ಬಗ್ಗೆಯೇ ಬರೆಯುತ್ತಿದ್ದೇನೆ ಅಂತ ಗೊತ್ತಾಗಲಿಲ್ಲ ಎಂದು ಆಮೇಲೆ ಅವರೇ ಹೇಳಿಕೊಂಡರು. ತನ್ನನ್ನೇ ಸುಲಿದು ಪುಟದ ಮೇಲೆ ಇಟ್ಟವನಿಗೆ ತೆರೆಯ ಮೇಲೆ ಆ ಪಾತ್ರ ತಣ್ಣಗೆ, ದೂರದಿಂದ ಕಂಡರೆ ಹೇಗಾಗಬೇಡ? ಅವರ ಸಿಟ್ಟನ್ನು ಲೇಖಕರ ಅಹಂಕಾರ ಅಂತ ತಳ್ಳಿಹಾಕುವವರನ್ನು ಕಂಡರೆ ನನಗೆ ಬೇಜಾರಾಗುತ್ತದೆ.

ಈಗ ನಿಮ್ಮ ತಮ್ಮನ ಕಡೆಗೆ ಬರುತ್ತೇನೆ. ಅವನೂ ತಪ್ಪಿಲ್ಲ.

ಮನುಷ್ಯನ ತಲೆಯೊಳಗೆ ಹೋಗುವುದು ಬರವಣಿಗೆಗೆ ಸುಲಭ. ಕ್ಯಾಮೆರಾಕ್ಕೆ ಆ ದಾರಿ ಇಲ್ಲ. ಕುಬ್ರಿಕ್ ಮತ್ತು ಅವರ ಜೊತೆ ಚಿತ್ರಕಥೆ ಬರೆದ ಕಾದಂಬರಿಕಾರ್ತಿ ಡಯಾನ್ ಜಾನ್ಸನ್ ಒಳಗೆ ಹೋಗುವ ಪ್ರಯತ್ನವನ್ನೇ ಬಿಟ್ಟರು. ಅದರ ಬದಲು ಹಿಂದೆ ನಡೆದರು. ಇದನ್ನು ಅಕ್ಷರಶಃ ಹೇಳುತ್ತಿದ್ದೇನೆ. ನಡೆಯುತ್ತಾ ಚಿತ್ರ ತೆಗೆದರೂ ಕ್ಯಾಮೆರಾ ಅಲುಗಾಡದ ಹಾಗೆ ಮಾಡುವ ಸ್ಟೆಡಿಕ್ಯಾಮ್ ಎಂಬ ಸಾಧನ ಆಗ ಹೊಸದು. ಅದನ್ನು ಕಂಡುಹಿಡಿದ ಗ್ಯಾರೆಟ್ ಬ್ರೌನ್ ಅವರೇ ಬಂದು ಕ್ಯಾಮೆರಾ ಹಿಡಿದರು. ಡ್ಯಾನಿ ಮೂರು ಗಾಲಿಯ ಸೈಕಲ್ ತುಳಿಯುತ್ತಾ ಹೋಗುವ ದೃಶ್ಯ ನೋಡಿ. ಕ್ಯಾಮೆರಾ ನೆಲದಿಂದ ಗೇಣೆತ್ತರದಲ್ಲಿ ಅವನ ಬೆನ್ನ ಹಿಂದೆ ಜಾರುತ್ತಾ ಬರುತ್ತದೆ. ಮರದ ನೆಲದ ಮೇಲೆ ಗಾಲಿ ಗಡಗಡ ಅನ್ನುತ್ತದೆ. ಕಾರ್ಪೆಟ್ ಮೇಲೆ ಹತ್ತಿದ ಕೂಡಲೇ ಸದ್ದೇ ಇಲ್ಲ. ಮತ್ತೆ ಗಡಗಡ. ಮತ್ತೆ ಮೌನ. ಅಲ್ಲಿ ದೆವ್ವ ಇನ್ನೂ ಬಂದಿಲ್ಲ, ಆದರೂ ಎದೆ ಹೊಡೆದುಕೊಳ್ಳುತ್ತದೆ. ಆ ಮಗುವಿನ ಹಿಂದೆ ಹೋಗುತ್ತಿರುವವರು ಯಾರು? ನಾವಾ, ಹೋಟೆಲಾ? ಕಾದಂಬರಿಯ ಯಾವ ಪುಟದಲ್ಲೂ ಈ ಭಯ ಇಲ್ಲ. ಇದು ಸಿನಿಮಾಕ್ಕೆ ಮಾತ್ರ ಸಾಧ್ಯ. ನಿಮ್ಮ ತಮ್ಮನಿಗೆ ಹಿಡಿಸಿರುವುದು ಇದು.

ಇನ್ನೊಂದು ಸಂಗತಿ ಅವನಿಗೆ ತೋರಿಸಿ. ಜ್ಯಾಕ್ ಸತ್ತವರ ಜೊತೆ ಮಾತಾಡುವಾಗ ಹೆಚ್ಚುಕಡಿಮೆ ಎಲ್ಲ ಕಡೆ ಒಂದು ಕನ್ನಡಿ ಇರುತ್ತದೆ. ಬಾರ್ ಹಿಂದೆ, ಬಚ್ಚಲು ಕೋಣೆಯಲ್ಲಿ, 237ನೇ ಕೋಣೆಯಲ್ಲಿ. ಅಂದರೆ ಅವನು ತನ್ನ ಜೊತೆಗೇ ಮಾತಾಡುತ್ತಿರಬಹುದು. ಹುಚ್ಚು ಅಂತ ಹೇಳಿ ನಾವು ಸಮಾಧಾನ ಮಾಡಿಕೊಳ್ಳಬಹುದು. ಆಮೇಲೆ ವೆಂಡಿ ಅವನನ್ನು ಅಡುಗೆಮನೆಯ ಉಗ್ರಾಣದಲ್ಲಿ ಕೂಡಿಹಾಕುತ್ತಾಳೆ. ಅಲ್ಲಿ ಕನ್ನಡಿ ಇಲ್ಲ. ಡಬ್ಬಿ, ಮೂಟೆ, ದಪ್ಪ ಬಾಗಿಲು. ಬಾಗಿಲಾಚೆ ಸತ್ತ ಕಾವಲುಗಾರನ ದನಿ ಕೇಳುತ್ತದೆ. ಹೊರಗಿನಿಂದ ಚಿಲಕ ಸರಿಯುವ ಸದ್ದು. ಅಷ್ಟೇ. ಆ ಒಂದು ಸದ್ದಿಗೆ ಮನಸ್ಸಿನ ಕಾಯಿಲೆ ಎಂಬ ವಿವರಣೆ ಕುಸಿದು ಬೀಳುತ್ತದೆ. ಅಲ್ಲಿವರೆಗೆ ಎರಡೂ ದಾರಿ ತೆರೆದಿಟ್ಟು ಒಂದೇ ಚಿಲಕದಲ್ಲಿ ಒಂದು ದಾರಿ ಮುಚ್ಚುತ್ತಾರೆ. ಕುಬ್ರಿಕ್‌ಗೆ ಈ ಕಥೆಯಲ್ಲಿ ಇಷ್ಟವಾದದ್ದೇ ಈ ಸಮತೋಲ. ಅದು ಕಾದಂಬರಿಯಿಂದಲೇ ಬಂದದ್ದು ಎಂಬುದನ್ನು ಸಿನಿಮಾ ಅಭಿಮಾನಿಗಳು ಮರೆಯುತ್ತಾರೆ.

ಯಂಡಮೂರಿ ವೀರೇಂದ್ರನಾಥರ ‘ತುಳಸಿದಳ’ ಓದಿ ಬೆಳೆದವರಿಗೆ ಈ ಆಟ ಹೊಸದಲ್ಲ. ಮಾಟವೋ ಮನಸ್ಸಿನ ಕಾಯಿಲೆಯೋ ಅಂತ ಅಲ್ಲೂ ಎರಡು ದಾರಿ ಜೊತೆಜೊತೆಗೇ ಸಾಗುತ್ತವೆ. ಅದು 1985ರಲ್ಲಿ ಕನ್ನಡ ಸಿನಿಮಾ ಆಯಿತು. ನಮ್ಮ ಅಕ್ಕ ಕಾದಂಬರಿ ಓದಿ ಹೆದರಿ ಜ್ವರ ಬರಿಸಿಕೊಂಡವಳು. ಸಿನಿಮಾ ನೋಡಿ ಬಂದು, ‘ಪುಸ್ತಕದಲ್ಲಿ ಇದ್ದದ್ದು ನನ್ನ ಕೋಣೆಯಲ್ಲೇ ಇತ್ತು, ಇದು ಪರದೆ ಮೇಲಿದೆ’ ಅಂದಳು. ನಿಮ್ಮ ಪ್ರಶ್ನೆ ಓದಿದಾಗ ಅವಳ ಮಾತೇ ನೆನಪಾಯಿತು. ಓದುವಾಗ ಹೋಟೆಲು ಕಟ್ಟಿದವರು ನೀವು. ಅದರ ಕಾರಿಡಾರಿನ ಉದ್ದ, ಬೆಳಕು, ಜ್ಯಾಕ್‌ನ ಮುಖ, ಎಲ್ಲ ನಿಮ್ಮದು. ಇನ್ನೊಬ್ಬರು ಕಟ್ಟಿದ ಹೋಟೆಲಿಗೆ ಆ ಕೂಡಲೇ ಕಾಲಿಟ್ಟರೆ ಪರಕೀಯ ಅನ್ನಿಸದೆ ಇರುತ್ತದಾ?

ಹಾಗಾದರೆ ಪುಸ್ತಕದಲ್ಲಿದ್ದ ಹಾಗೇ ಸಿನಿಮಾ ಮಾಡಿದ್ದರೆ ಸರಿಹೋಗುತ್ತಿತ್ತಾ? ಇದಕ್ಕೆ ಊಹೆ ಬೇಕಾಗಿಲ್ಲ, ಏಕೆಂದರೆ ಮಾಡಿದ್ದಾರೆ. 1997ರಲ್ಲಿ ಕಿಂಗ್ ಅವರೇ ಚಿತ್ರಕಥೆ ಬರೆದು ಅಮೆರಿಕದ ಟಿವಿಗೆ ಮೂರು ಕಂತುಗಳ ಧಾರಾವಾಹಿ ಮಾಡಿಸಿದರು. ಮಿಕ್ ಗ್ಯಾರಿಸ್ ನಿರ್ದೇಶನ. ಚಿತ್ರೀಕರಣ ನಡೆದದ್ದು ಕಥೆ ಹುಟ್ಟಿದ ಸ್ಟ್ಯಾನ್ಲಿ ಹೋಟೆಲಿನಲ್ಲೇ. ಒಳ್ಳೆಯವನಾಗಿದ್ದ ಜ್ಯಾಕ್ ಇದ್ದಾನೆ, ಹೋಟೆಲನ್ನು ಬಿಸಿಯಾಗಿಡುವ ಬಾಯ್ಲರ್ ಇದೆ, ಪ್ರಾಣಿಗಳ ಆಕಾರಕ್ಕೆ ಕತ್ತರಿಸಿದ ಪೊದೆಗಳು ನಡೆದುಬರುತ್ತವೆ. ಓದುವಾಗ ಆ ಪೊದೆಗಳಿಗೆ ಬೆವರಿದವಳು ನಾನು. ತೆರೆಯ ಮೇಲೆ, ಆ ಕಾಲದ ಕಂಪ್ಯೂಟರ್ ಗ್ರಾಫಿಕ್ಸ್‌ನಲ್ಲಿ, ಅವು ಆಟಿಕೆ ಹಾಗೆ ಕಂಡವು. ಪುಟದಿಂದ ತೆರೆಗೆ ಹಾಗೇ ಎತ್ತಿಟ್ಟರೆ ಭಯ ಜೊತೆಗೆ ಬರುವುದಿಲ್ಲ. ಕುಬ್ರಿಕ್ ಪೊದೆ ಬಿಟ್ಟು ಗಿಡಗಳ ಚಕ್ರವ್ಯೂಹ ಹಾಕಿದ್ದು ಸುಮ್ನೆ ಅಲ್ಲ. ಆದರೂ ಆ ಧಾರಾವಾಹಿಯಲ್ಲಿ ಅಪ್ಪ ಮಗನ ಪ್ರೀತಿ ಕಾಣುತ್ತದೆ, ನಿಮಗೆ ಅದು ಬೇಕೆನಿಸಿದರೆ ಒಮ್ಮೆ ನೋಡಿ.

ಮುಗಿಯುವ ರೀತಿಯಲ್ಲೇ ಎರಡರ ಮನಸ್ಸೂ ಗೊತ್ತಾಗುತ್ತದೆ. ಕಾದಂಬರಿ ಬೆಂಕಿಯಲ್ಲಿ ಮುಗಿಯುತ್ತದೆ. ಒತ್ತಡ ಇಳಿಸಲು ಮರೆತ ಬಾಯ್ಲರ್ ಸಿಡಿದು ಹೋಟೆಲು ಸುಟ್ಟುಹೋಗುತ್ತದೆ. ಅಡುಗೆಯವನು ಹ್ಯಾಲೊರನ್ ಬದುಕಿ ತಾಯಿ ಮಗುವನ್ನು ಕಾಪಾಡುತ್ತಾನೆ. ಸಿನಿಮಾ ಹಿಮದಲ್ಲಿ ಮುಗಿಯುತ್ತದೆ. ಹ್ಯಾಲೊರನ್ ಕೊಡಲಿ ಏಟಿಗೆ ಸಾಯುತ್ತಾನೆ, ಜ್ಯಾಕ್ ಹೆಪ್ಪುಗಟ್ಟುತ್ತಾನೆ, ಹೋಟೆಲು ಹಾಗೇ ನಿಂತಿದೆ. ಗೋಡೆಯ ಮೇಲೆ 1921ರ ಜುಲೈ 4ರ ಫೋಟೋ, ಅದರ ನಡುವೆ ಜ್ಯಾಕ್ ನಗುತ್ತಿದ್ದಾನೆ. ಕಿಂಗ್‌ಗೆ ಕೆಡುಕಿಗೆ ಕೊನೆ ಇದೆ, ಮನುಷ್ಯನೊಳಗೆ ಏನೋ ಉಳಿದಿರುತ್ತದೆ. ಕುಬ್ರಿಕ್‌ಗೆ ಕೆಡುಕು ಕಟ್ಟಡದ ಹಾಗೆ, ಜನ ಬಂದು ಹೋಗುತ್ತಾರೆ, ಅದು ಇರುತ್ತದೆ. ಕುಬ್ರಿಕ್ ಒಮ್ಮೆ ಫೋನ್ ಮಾಡಿ, ದೆವ್ವದ ಕಥೆಗಳೆಲ್ಲ ಒಂದು ರೀತಿ ಆಶಾವಾದಿ ಅಲ್ಲವೇ, ಸತ್ತ ಮೇಲೂ ಏನೋ ಇದೆ ಅಂತ ತಾನೇ ಅರ್ಥ, ಎಂದು ಕೇಳಿದರು ಅಂತ ಕಿಂಗ್ ಹೇಳಿದ್ದಾರೆ. ನರಕದ ಮಾತೇನು ಎಂದು ಕಿಂಗ್ ಕೇಳಿದರಂತೆ. ನರಕ ನಾನು ನಂಬುವುದಿಲ್ಲ ಎಂದರಂತೆ ಕುಬ್ರಿಕ್. ಒಂದೇ ಕಥೆ ಇಬ್ಬರ ಕೈಯಲ್ಲಿ ಎರಡಾದದ್ದು ಈ ಜಾಗದಲ್ಲಿ.

ಇನ್ನು ವೆಂಡಿ. ನೋಡುಗರ ಅಭಿಪ್ರಾಯ ಅತಿ ಹೆಚ್ಚು ಬದಲಾದದ್ದು ಅವಳ ಬಗ್ಗೆ. ನನಗೆ ಹೆಚ್ಚು ಮಾತಾಡಬೇಕು ಅನ್ನಿಸುವುದೂ ಅವಳ ಬಗ್ಗೆಯೇ.

ಕಾದಂಬರಿಯ ವೆಂಡಿಗೆ ತನ್ನದೇ ಯೋಚನೆ, ತನ್ನದೇ ತಾಯಿಯ ಜಗಳ, ಗಟ್ಟಿತನ ಇದೆ. ಸಿನಿಮಾದ ವೆಂಡಿ ಬರೀ ಕಿರುಚುತ್ತಾಳೆ, ಹೆಣ್ಣನ್ನು ಕೀಳಾಗಿ ತೋರಿಸಿದ್ದಾರೆ ಅಂತ ಕಿಂಗ್ ಆರೋಪ. ಸಿನಿಮಾ ಬಿಡುಗಡೆಯಾದದ್ದು 1980ರ ಮೇ 23ರಂದು. ಕೆಟ್ಟ ಸಿನಿಮಾಗಳಿಗೆ ಕೊಡುವ ರಾಜ್ಜಿ ಪ್ರಶಸ್ತಿ ಶುರುವಾದ ಮೊದಲ ವರ್ಷವೇ ಕೆಟ್ಟ ನಟಿ ಅಂತ ವೆಂಡಿ ಪಾತ್ರ ಮಾಡಿದ ಶೆಲ್ಲಿ ಡುವಾಲ್ ಅವರನ್ನು, ಕೆಟ್ಟ ನಿರ್ದೇಶಕ ಅಂತ ಕುಬ್ರಿಕ್ ಅವರನ್ನು ನಾಮನಿರ್ದೇಶನ ಮಾಡಿದರು. ಮೂರೇ ವರ್ಷ ಹಿಂದೆ, 1977ರಲ್ಲಿ, ಕಾನ್ ಚಿತ್ರೋತ್ಸವದಲ್ಲಿ ಶ್ರೇಷ್ಠ ನಟಿ ಪ್ರಶಸ್ತಿ ಪಡೆದಿದ್ದ ಕಲಾವಿದೆ ಅವರು. ಸುಮಾರು ಒಂದು ವರ್ಷ ಎಳೆದ ಚಿತ್ರೀಕರಣದಲ್ಲಿ ದಿನಗಟ್ಟಲೆ ಅಳಬೇಕಾಗಿತ್ತು ಎಂದು ಅವರೇ ಹೇಳಿದ್ದರು. ಅಷ್ಟು ಮಾಡಿದ್ದಕ್ಕೆ ಸಿಕ್ಕಿದ್ದು ಇದು. 2022ರಲ್ಲಿ ರಾಜ್ಜಿಯವರು ಅವರ ಹೆಸರನ್ನು ವಾಪಸ್ ತೆಗೆದುಕೊಂಡರು. 2024ರಲ್ಲಿ ಅವರು ತೀರಿಕೊಂಡರು.

ನಾನು ಮೊದಲು ನೋಡಿದಾಗ ನನಗೂ ವೆಂಡಿ ಸಹಿಸಲಾಗಲಿಲ್ಲ. ಮನಸ್ಸು ಬದಲಾದದ್ದು ತರಗತಿಯಲ್ಲಿ. ಒಂದು ವರ್ಷ ಈ ಸಿನಿಮಾ ತೋರಿಸಿ ಅಭಿಪ್ರಾಯ ಕೇಳಿದೆ. ಹುಡುಗರು ನಿಕಲ್ಸನ್ ಬಗ್ಗೆ, ಕ್ಯಾಮೆರಾ ಬಗ್ಗೆ ಮಾತಾಡಿದರು. ಯಾವಾಗಲೂ ಸುಮ್ಮನಿರುವ ಒಬ್ಬ ಹುಡುಗಿ ಕೊನೆಗೆ ಎದ್ದು, ‘ವೆಂಡಿ ಡಾಕ್ಟರ ಹತ್ತಿರ ಮಗುವಿನ ಕೈ ವಿಷಯ ಹೇಳುವಾಗ ಹೇಗೆ ನಗುತ್ತಾಳೆ ನೋಡಿದ್ರಾ ಮೇಡಂ? ನಮ್ಮಮ್ಮ ಹಾಗೇ ನಗೋದು’ ಅಂದಳು. ತರಗತಿ ಸ್ತಬ್ಧವಾಯಿತು. ಆ ದೃಶ್ಯ ಮತ್ತೆ ಹಾಕಿದೆ. ಗಂಡ ಮಗುವಿನ ಕೈ ಎಳೆದಾಗ ಭುಜ ಜಾರಿತ್ತು. ಅದನ್ನು ಒಂದು ಸಣ್ಣ ಆಕಸ್ಮಿಕದ ಹಾಗೆ, ಗಂಡ ಆಮೇಲೆ ಕುಡಿತ ಬಿಟ್ಟನಲ್ಲ ಎಂಬ ಒಳ್ಳೆಯ ಸುದ್ದಿಯ ಹಾಗೆ ಹೇಳುತ್ತಾಳೆ. ಬೆರಳ ತುದಿಯ ಸಿಗರೇಟಿನಲ್ಲಿ ಬೂದಿ ಉದ್ದವಾಗುತ್ತಾ ಹೋಗುತ್ತದೆ, ಕೊಡವುವುದು ಮರೆತಿದ್ದಾಳೆ. ಹೊಡೆಯುವ ಗಂಡಸಿರುವ ಮನೆಯಲ್ಲಿ ಹೆಂಗಸರು ಹೀಗೇ ಮಾತಾಡುತ್ತಾರೆ, ಹೀಗೇ ಹೆಜ್ಜೆ ಇಡುತ್ತಾರೆ. ಆಮೇಲೆ ಮೆಟ್ಟಿಲ ಮೇಲೆ ಬೇಸ್‌ಬಾಲ್ ಬ್ಯಾಟ್ ಹಿಡಿದು ಹಿಂದೆ ಹಿಂದೆ ಹೋಗುವಾಗ ಆ ಕೈ ನಡುಗುವುದು ನಟನೆ ಗೊತ್ತಿಲ್ಲದವರ ನಡುಕ ಅಲ್ಲ. ಕೊನೆಗೆ ಗಂಡನ ತಲೆಗೆ ಏಟು ಹಾಕುವವಳೂ ಅವಳೇ, ಉಗ್ರಾಣಕ್ಕೆ ಎಳೆದು ಬಾಗಿಲು ಹಾಕುವವಳೂ ಅವಳೇ, ಮಗುವನ್ನು ಬಚ್ಚಲ ಕಿಟಕಿಯಿಂದ ಹೊರಗೆ ದಾಟಿಸುವವಳೂ ಅವಳೇ. ಈ ವಿಷಯದಲ್ಲಿ ಕಿಂಗ್ ಅವರ ಮಾತನ್ನು ನಾನು ಒಪ್ಪುವುದಿಲ್ಲ. ಕಾದಂಬರಿಯ ಜ್ಯಾಕ್ ಸಿನಿಮಾದಲ್ಲಿ ಕಳೆದುಹೋದ ನಿಜ. ಆದರೆ ಹೆದರಿಕೊಂಡೇ ಗೆಲ್ಲುವ ಒಬ್ಬ ಹೆಂಗಸು ಅಲ್ಲಿ ಸಿಕ್ಕಿದ್ದಾಳೆ.

ಇಲ್ಲಿ ಒಂದು ಮುಖ್ಯವಾದ ಪ್ರಶ್ನೆ: ನೀವು ನೋಡಿದ ಪ್ರತಿ ಎಷ್ಟು ಹೊತ್ತಿನದು? ನೋಡುಗರ ಜಗಳದಲ್ಲಿ ಅರ್ಧ ಭಾಗ ಇದರಿಂದಲೇ ಬರುತ್ತದೆ. ಮೊದಲು ಬಿಡುಗಡೆಯಾದಾಗ 146 ನಿಮಿಷ ಇತ್ತು. ಕೊನೆಯಲ್ಲಿ ವೆಂಡಿ ಆಸ್ಪತ್ರೆಯಲ್ಲಿರುವ ದೃಶ್ಯವೊಂದಿತ್ತು. ಸಿನಿಮಾ ತೆರೆಗೆ ಬಂದ ಮೇಲೆ ಕುಬ್ರಿಕ್ ಅದನ್ನು ಕತ್ತರಿಸಿದರು, 144 ನಿಮಿಷ ಆಯಿತು. ಅಮೆರಿಕದ ಹೊರಗೆ ಕಳಿಸಲು ಇನ್ನೂ ಕತ್ತರಿಸಿ 119 ನಿಮಿಷಕ್ಕೆ ಇಳಿಸಿದರು. ಆ ಚಿಕ್ಕ ಪ್ರತಿಯಲ್ಲಿ ನಾನು ಈಗ ಹೇಳಿದ ಡಾಕ್ಟರ ದೃಶ್ಯವೇ ಇಲ್ಲ. ನಾನು ಮೊದಲ ಸಲ ನೋಡಿದ್ದು ಅಂಥ ಪ್ರತಿ. ವೆಂಡಿ ನನಗೆ ಅರ್ಥವಾಗದೆ ಹೋದದ್ದರಲ್ಲಿ ಆಶ್ಚರ್ಯ ಏನಿದೆ? ನೀವು ನೋಡಿದ್ದು ಎರಡು ಗಂಟೆಗಿಂತ ಕಡಿಮೆ ಇದ್ದರೆ ದಯವಿಟ್ಟು ದೊಡ್ಡದನ್ನು ಹುಡುಕಿ.

ಸಿನಿಮಾದಲ್ಲಿ ಗುಪ್ತ ಸಂದೇಶ ಇದೆ, ಮ್ಯಾನೇಜರ್ ಕೋಣೆಯ ಕಿಟಕಿ ಆ ಜಾಗದಲ್ಲಿ ಇರುವುದು ಸಾಧ್ಯವೇ ಇಲ್ಲ, ಕೋಣೆಯ ನಂಬರಿಗೆ ರಹಸ್ಯ ಅರ್ಥ ಇದೆ, ಇಂಥ ಮಾತುಗಳೂ ಕಿವಿಗೆ ಬಿದ್ದಿರಬೇಕು. 2012ರಲ್ಲಿ ಬರೀ ಇಂಥ ವಾದಗಳ ಮೇಲೆ ‘ರೂಮ್ 237’ ಅಂತ ಸಾಕ್ಷ್ಯಚಿತ್ರವೇ ಬಂತು. ಕಿಟಕಿಯ ಮಾತು ನಿಜ, ನೋಡಿದರೆ ತಲೆ ತಿರುಗುತ್ತದೆ. ನಂಬರಿನ ಕಾರಣ ಮಾತ್ರ ತುಂಬ ಸಾದಾ. ಹೋಟೆಲಿನ ಹೊರನೋಟಕ್ಕೆ ಬಳಸಿದ್ದು ಆರೆಗಾನ್ ರಾಜ್ಯದ ಟಿಂಬರ್‌ಲೈನ್ ಲಾಡ್ಜ್. ಒಳಗಿನದೆಲ್ಲ ಇಂಗ್ಲೆಂಡಿನ ಎಲ್‌ಸ್ಟ್ರೀ ಸ್ಟುಡಿಯೋದ ಸೆಟ್. ಕಾದಂಬರಿಯ ದೆವ್ವದ ಕೋಣೆ 217. ಅದನ್ನೇ ಸಿನಿಮಾದಲ್ಲಿ ತೋರಿಸಿದರೆ ತಮ್ಮ 217ರಲ್ಲಿ ಆಮೇಲೆ ಯಾರೂ ಉಳಿಯಲಾರರು ಅಂತ ಲಾಡ್ಜ್‌ನವರು ಹೆದರಿ ತಮ್ಮಲ್ಲಿ ಇಲ್ಲದ 237 ಎಂಬ ನಂಬರ್ ಹಾಕಿಸಿದರು. ಈಗ ಅಲ್ಲಿ ಜನ ಜಾಸ್ತಿ ಕೇಳುವುದು 217ನ್ನೇ.

ಯಾರು ಸರಿ ಅಂತ ಕೇಳಿದ್ದೀರಿ. ನನ್ನ ಮಾತು ಇಷ್ಟು. ಕಾದಂಬರಿ ಹೆಚ್ಚು ಮರುಕ ಇರುವ ಕೃತಿ, ಸಿನಿಮಾ ಹೆಚ್ಚು ಭಯ ಇರುವ ಕೃತಿ. ಎರಡರಲ್ಲಿ ಒಂದೇ ಇಟ್ಟುಕೋ ಅಂದರೆ ನಾನು ಸಿನಿಮಾ ಇಟ್ಟುಕೊಳ್ಳುತ್ತೇನೆ, ಆದರೆ ಕಣಜದ ಗೂಡಿಗಾಗಿ ಅಳುತ್ತೇನೆ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2018ರಲ್ಲಿ ಇದನ್ನು ಕಾಪಿಡಬೇಕಾದ ಸಿನಿಮಾಗಳ ಪಟ್ಟಿಗೆ ಸೇರಿಸಿತು. ಹಾಗಂತ ನಿಮ್ಮ ನಿರಾಸೆ ತಪ್ಪಾಗುವುದಿಲ್ಲ. ಪುಸ್ತಕ ಮುಚ್ಚಿದ ವಾರದಲ್ಲೇ ಸಿನಿಮಾ ನೋಡಬಾರದಿತ್ತು, ಅಷ್ಟೇ. ಆರು ತಿಂಗಳು ಬಿಡಿ. ನಿಮ್ಮ ತಲೆಯಲ್ಲಿರುವ ಹೋಟೆಲು ಸ್ವಲ್ಪ ಮಸುಕಾಗಲಿ. ಆಮೇಲೆ ರಾತ್ರಿ, ಒಳ್ಳೆಯ ಹೆಡ್‌ಫೋನ್ ಹಾಕಿಕೊಂಡು, ಜ್ಯಾಕ್‌ನನ್ನು ಹುಡುಕದೆ ವೆಂಡಿಯ ಮೇಲೆ ಮಾತ್ರ ಕಣ್ಣಿಟ್ಟು ನೋಡಿ.

ಅದಾದ ಮೇಲೆ 2019ರ ‘ಡಾಕ್ಟರ್ ಸ್ಲೀಪ್’ ನೋಡಿ. ದೊಡ್ಡವನಾದ ಡ್ಯಾನಿಯ ಕಥೆ. ಕಿಂಗ್ 2013ರಲ್ಲಿ ಬರೆದ ಕಾದಂಬರಿ, ಮೈಕ್ ಫ್ಲಾನಗನ್ ನಿರ್ದೇಶನ. ಕುಬ್ರಿಕ್ ಕಟ್ಟಿದ ಹೋಟೆಲಿನೊಳಗೆ ಕಿಂಗ್ ಬರೆದ ಬಾಯ್ಲರ್ ಅಲ್ಲಿ ಕೊನೆಗೂ ಸಿಡಿಯುತ್ತದೆ. ನಲವತ್ತು ವರ್ಷದ ಜಗಳದಲ್ಲಿ ಎರಡೂ ಕಡೆಯವರನ್ನು ಪ್ರೀತಿಸುವ ಒಬ್ಬ ಮಾಡಿದ ಸಿನಿಮಾ ಅದು.

ನಿಮ್ಮ ತಮ್ಮನಿಗೆ ಇಡೀ ಪುಸ್ತಕ ಓದು ಅಂತ ಒತ್ತಾಯ ಮಾಡಬೇಡಿ. ಕೊನೆಯ ಭಾಗದಲ್ಲಿ ಜ್ಯಾಕ್ ಮಗನ ಎದುರು ನಿಂತಿರುವ ಎರಡು ಮೂರು ಪುಟ ಮಾತ್ರ ತೆಗೆದು ಕೊಡಿ. ಹೋಟೆಲು ಪೂರ್ತಿ ಆವರಿಸಿಕೊಂಡಿರುವಾಗ ಒಂದು ಕ್ಷಣ ಅಪ್ಪನ ಮುಖ ವಾಪಸ್ ಬರುತ್ತದಲ್ಲ, ಓಡು ಅಂತ ಮಗನಿಗೆ ಹೇಳುತ್ತಾನಲ್ಲ, ಆ ಪುಟಗಳು. ಅವನು ಓದಿ ಮುಗಿಸುವ ತನಕ ಪಕ್ಕದಲ್ಲೇ ಕೂತಿರಿ.